ವಾರ್ಡ್‌ನಲ್ಲೇ ಕಲಿಸುವುದು ಹೇಗೆ? ಇನ್‌ಚಾರ್ಜ್ ಸಿಸ್ಟರ್‌ಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಆಸ್ಪತ್ರೆಯಲ್ಲಿ ಟ್ರೈನಿಂಗ್ ಅಂದರೆ ಹೇಗಿರುತ್ತದೆ ಎಂದು ನಮಗೆಲ್ಲ ಗೊತ್ತು. ಮಧ್ಯಾಹ್ನ ಎರಡೂವರೆಗೆ ಸೆಮಿನಾರ್ ಹಾಲ್. ಬೆಳಗಿನ ಡ್ಯೂಟಿ ಮುಗಿಸಿದವರು ಊಟ ಬಿಟ್ಟು ಬಂದು ಕೂತಿರುತ್ತಾರೆ. ನೈಟ್ ಮುಗಿಸಿ ಮಲಗಿದ್ದವರನ್ನು ಫೋನ್ ಮಾಡಿ ಎಬ್ಬಿಸಿರುತ್ತಾರೆ. ಸಾಲು ಸಾಲು ಸ್ಲೈಡ್, ಒಂದು ಸಮೋಸ, ಹಾಜರಿ ಪುಸ್ತಕದಲ್ಲಿ ಸಹಿ. ಮರುದಿನ ವಾರ್ಡ್‌ಗೆ ಹೋಗಿ ನೋಡಿದರೆ ಕೆಲಸ ಹಿಂದಿನ ಹಾಗೇ ನಡೆಯುತ್ತಿರುತ್ತದೆ.

ಹಾಲ್‌ನಲ್ಲಿ ಕೂರಿಸುವುದೇ ಬೇಡ ಅನ್ನುತ್ತಿಲ್ಲ. ಹೊಸ ನಿಯಮ ಬಂದಾಗ, ಹೊಸ ಯಂತ್ರ ಬಂದಾಗ ಎಲ್ಲರನ್ನೂ ಸೇರಿಸಿ ಹೇಳಲೇಬೇಕು. ಆದರೆ ಕೈ ಪಳಗುವುದು ರೋಗಿಯ ಹಾಸಿಗೆ ಪಕ್ಕದಲ್ಲಿ. ಅಲ್ಲಿ ಯಾರು ಯಾರ ಜೊತೆ ಡ್ಯೂಟಿ ಮಾಡಬೇಕು, ಯಾವ ಬೆಡ್ ಯಾರಿಗೆ ಎಂದು ಬರೆಯುವ ಪೆನ್ನು ವಾರ್ಡ್ ನೋಡಿಕೊಳ್ಳುವ ಇನ್‌ಚಾರ್ಜ್ ಸಿಸ್ಟರ್ ಕೈಯಲ್ಲಿದೆ. ಸಿಬ್ಬಂದಿ ಕಲಿಯುತ್ತಾರೋ ಇಲ್ಲವೋ ಎನ್ನುವುದು ತರಬೇತಿ ವಿಭಾಗಕ್ಕಿಂತ ಜಾಸ್ತಿ ಆ ಪೆನ್ನಿನ ಮೇಲೆ ನಿಂತಿದೆ.

ಒಂದು ಜಿಲ್ಲಾ ಆಸ್ಪತ್ರೆಯ ಅಥವಾ ಮಧ್ಯಮ ಗಾತ್ರದ ಖಾಸಗಿ ಆಸ್ಪತ್ರೆಯ 30 ಹಾಸಿಗೆಯ ವಾರ್ಡ್ ಅನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆದಿದ್ದೇನೆ. ಐಸಿಯು, ಲೇಬರ್ ರೂಮ್‌ಗೆ ಪಟ್ಟಿ ಬದಲಾಗುತ್ತದೆ, ದಾರಿ ಇದೇ.

ಹಂತ 1: ಒಂದು ವಾರ ಸುಮ್ನೆ ನೋಡಿ

ನಿಮಗೆ ಯಾವ ತರಬೇತಿ ಬೇಕು ಎಂದು ಫಾರ್ಮ್ ಹಂಚಬೇಡಿ. ಎಲ್ಲರೂ ಇಸಿಜಿ, ವೆಂಟಿಲೇಟರ್ ಎಂದು ಬರೆಯುತ್ತಾರೆ. ನಿಜವಾದ ಕೊರತೆ ಕೇಸ್ ಶೀಟ್‌ನಲ್ಲಿ ಕಾಣುತ್ತದೆ.

ಟಿಪಿಆರ್ ಚಾರ್ಟ್ (ಜ್ವರ, ನಾಡಿ, ಉಸಿರು ಬರೆಯುವ ಹಾಳೆ) ತೆಗೆದು ಉಸಿರಾಟದ ಕಾಲಮ್ ನೋಡಿ. ಎಷ್ಟೋ ವಾರ್ಡ್‌ಗಳಲ್ಲಿ ಅಲ್ಲಿ ಎಲ್ಲ ರೋಗಿಗಳಿಗೂ 20 ಎಂದೇ ಇರುತ್ತದೆ. ನ್ಯುಮೋನಿಯಾ ಆದವರಿಗೂ 20, ನಾಳೆ ಮನೆಗೆ ಹೋಗುವವರಿಗೂ 20. ಅಂದರೆ ಯಾರೂ ಒಂದು ನಿಮಿಷ ನಿಂತು ಎಣಿಸಿಲ್ಲ. ರೋಗಿ ಕೈಜಾರುವ ಮೊದಲು ಬದಲಾಗುವ ಲಕ್ಷಣಗಳಲ್ಲಿ ಉಸಿರಾಟದ ವೇಗವೂ ಒಂದು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ 2012ರಿಂದ ಬಳಕೆಯಲ್ಲಿರುವ, 2017ರಲ್ಲಿ ಪರಿಷ್ಕರಿಸಿದ ಮುನ್ನೆಚ್ಚರಿಕೆ ಅಂಕಪಟ್ಟಿಯಲ್ಲಿ ನಿಮಿಷಕ್ಕೆ 12ರಿಂದ 20 ಉಸಿರು ಇದ್ದರೆ ಸೊನ್ನೆ ಅಂಕ. 25 ಅಥವಾ ಹೆಚ್ಚಿದ್ದರೆ ನೇರವಾಗಿ 3 ಅಂಕ. ಅಷ್ಟು ಬೆಲೆ ಇರುವ ಸಂಖ್ಯೆಯನ್ನು ನಾವು ಅಂದಾಜಿಗೆ ತುಂಬುತ್ತೇವೆ.

ಹೀಗೇ ಇನ್ನಷ್ಟು ಕಡೆ ಕಣ್ಣಾಡಿಸಿ. ಇನ್‌ಟೇಕ್-ಔಟ್‌ಪುಟ್ ಚಾರ್ಟ್ (ರೋಗಿಯ ಒಳಗೆ ಹೋದ, ಹೊರಗೆ ಬಂದ ದ್ರವದ ಲೆಕ್ಕ) ಕೂಡಿದರೆ ಲೆಕ್ಕ ಸರಿ ಬರುತ್ತದೆಯಾ? ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ನಳಿಕೆ) ಮೇಲೆ ಹಾಕಿದ ದಿನಾಂಕ ಇದೆಯಾ? ರಕ್ತ ಏರಿಸುವಾಗ ಮೊದಲ 15 ನಿಮಿಷ ಯಾರಾದರೂ ರೋಗಿಯ ಪಕ್ಕ ಇರುತ್ತಾರಾ? ಎದ್ದೇಳಲಾಗದ ರೋಗಿಯನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರಾ, ಅಥವಾ ಬದಲಿಸಿದ್ದೇವೆ ಎಂದು ಬರೆಯುತ್ತಾರಾ? ನೈಟ್‌ನಲ್ಲಿ ಡ್ಯೂಟಿ ಡಾಕ್ಟರ್‌ಗೆ ಯಾವ ಕಾರಣಕ್ಕೆ ಫೋನ್ ಹೋಗುತ್ತದೆ, ಯಾವ ಕಾರಣಕ್ಕೆ ಹೋಗಬೇಕಿತ್ತು? ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಯಾರನ್ನೂ ಬೈಯಬೇಡಿ. ಈ ವಾರ ನೀವು ನೋಡುವವರು ಅಷ್ಟೇ.

ಹಂತ 2: ಕೌಶಲದ ಪಟ್ಟಿ ಮಾಡಿ

ಒಂದು ದೊಡ್ಡ ಹಾಳೆ. ಎಡಗಡೆ ಸಿಬ್ಬಂದಿ ಹೆಸರು, ಮೇಲುಗಡೆ ನಿಮ್ಮ ವಾರ್ಡ್‌ಗೆ ಬೇಕಾದ ಕೆಲಸಗಳು. ಮೆಡಿಕಲ್ ವಾರ್ಡ್ ಆದರೆ ಕ್ಯಾನುಲಾ, ಇನ್ಸುಲಿನ್, ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಹಾಕುವ ನಳಿಕೆ), ಕ್ಯಾಥೆಟರ್ (ಮೂತ್ರದ ನಳಿಕೆ), ಆಕ್ಸಿಜನ್, ಸಕ್ಷನ್ (ಕಫ ಎಳೆಯುವುದು), ರಕ್ತ ಏರಿಸುವುದು, ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಉಸಿರು ಕೊಡುವುದು), ಇನ್‌ಫ್ಯೂಷನ್ ಪಂಪ್, ಡಿಸ್ಚಾರ್ಜ್ ಸಲಹೆ. ಹನ್ನೆರಡಕ್ಕಿಂತ ಜಾಸ್ತಿ ಕಾಲಮ್ ಬೇಡ.

1984ರಲ್ಲಿ ಅಮೆರಿಕದ ಪ್ಯಾಟ್ರೀಷಿಯಾ ಬೆನ್ನರ್ ಅವರು ನರ್ಸ್ ಒಬ್ಬರು ಹೊಸಬರಿಂದ ನುರಿತವರಾಗುವ ತನಕ ಐದು ಮೆಟ್ಟಿಲು ಹತ್ತುತ್ತಾರೆ ಎಂದು ತೋರಿಸಿದರು. ನರ್ಸಿಂಗ್ ಕಾಲೇಜಿನಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ವಾರ್ಡ್‌ಗೆ ಅಷ್ಟು ಬೇಕಿಲ್ಲ, ನಾಲ್ಕು ಅಂಕಿ ಸಾಕು. ಮಾಡಿಯೇ ಇಲ್ಲ ಎಂದರೆ 0. ಪಕ್ಕದಲ್ಲಿ ಯಾರಾದರೂ ಇದ್ದರೆ ಮಾಡುತ್ತಾರೆ ಎಂದರೆ 1. ಒಬ್ಬರೇ ಮಾಡುತ್ತಾರೆ ಎಂದರೆ 2. ಬೇರೆಯವರಿಗೆ ಕಲಿಸಬಲ್ಲರು ಎಂದರೆ 3. ಬೆನ್ನರ್ ಹೇಳಿದ್ದರಲ್ಲಿ ಮರೆಯಬಾರದ ಮಾತು ಒಂದಿದೆ: ಹತ್ತು ವರ್ಷ ಸರ್ಜಿಕಲ್ ವಾರ್ಡ್‌ನಲ್ಲಿ ಪಳಗಿದವರು ಡಯಾಲಿಸಿಸ್ ಯೂನಿಟ್‌ಗೆ ಬಂದ ದಿನ ಮತ್ತೆ ಹೊಸಬರೇ. ಸರ್ವೀಸ್ ವರ್ಷ ನೋಡಿ ಅಂಕಿ ಹಾಕಬೇಡಿ.

ಮೊದಲು ಅವರೇ ಪೆನ್ಸಿಲ್‌ನಲ್ಲಿ ಹಾಕಿಕೊಳ್ಳಲಿ. ಆಮೇಲೆ ನೀವು ಕಣ್ಣಾರೆ ನೋಡಿ ಪೆನ್ನಿನಲ್ಲಿ ಹಾಕಿ. ಸೀನಿಯರ್ ಸಿಸ್ಟರ್‌ಗಳ ವಿಷಯದಲ್ಲಿ ಇದು ಸ್ವಲ್ಪ ನಾಜೂಕಿನ ಕೆಲಸ. "ಅಕ್ಕ, ನೀವು ಹೇಗೆ ಮಾಡ್ತೀರಿ ಅಂತ ಹೊಸಬರಿಗೆ ತೋರಿಸಿ" ಎಂದರೆ ಬೇಸರವಿಲ್ಲದೆ ಮಾಡಿ ತೋರಿಸುತ್ತಾರೆ. ನಿಮಗೂ ನೋಡಿದಂತಾಗುತ್ತದೆ. ಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ. ಅಂಟಿಸುವ ಆಸ್ಪತ್ರೆಗಳೂ ಇವೆ. ರೋಗಿಯ ಕಡೆಯವರು ಅದನ್ನು ಓದಿ "ಈ ಸಿಸ್ಟರ್ ಬೇಡ" ಅಂದರೆ ಆ ಹುಡುಗಿ ಮತ್ತೆ ಸೂಜಿ ಮುಟ್ಟುವುದು ಕಷ್ಟ.

ಹಂತ 3: ತರಬೇತಿಯಿಂದ ಸರಿಹೋಗದ್ದನ್ನು ಬೇರೆ ಇಡಿ

ಎಲ್ಲ ತಪ್ಪಿಗೂ ತರಬೇತಿ ಮದ್ದಲ್ಲ. ಕೈ ತೊಳೆಯುತ್ತಿಲ್ಲ ಎಂದು ಮತ್ತೆ ಮತ್ತೆ ಕ್ಲಾಸ್ ತೆಗೆದುಕೊಳ್ಳುತ್ತಾರೆ. ವಾರ್ಡ್‌ಗೆ ಹೋದರೆ ಹ್ಯಾಂಡ್ ರಬ್ ಬಾಟಲಿ ನರ್ಸಿಂಗ್ ಸ್ಟೇಷನ್‌ನಲ್ಲಿ ಒಂದೇ ಒಂದು, 28ನೇ ಬೆಡ್ ಆ ಕಡೆ ಮೂಲೆಯಲ್ಲಿ. ಹ್ಯಾಂಡ್ ರಬ್‌ಗೆ 20ರಿಂದ 30 ಸೆಕೆಂಡ್ ಸಾಕು, ಸೋಪು ನೀರಿಗೆ 40ರಿಂದ 60 ಸೆಕೆಂಡ್ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಬಾಟಲಿ ತನಕ ನಡೆದು ಬರಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಇಲ್ಲಿ ಬೇಕಿರುವುದು ಕ್ಲಾಸ್ ಅಲ್ಲ, ಇಂಡೆಂಟ್ (ಸ್ಟೋರ್‌ಗೆ ಬರೆಯುವ ಬೇಡಿಕೆ ಪತ್ರ). ಹೆಸರು ಹೋಲುವ ಬೇರೆ ಬೇರೆ ಮದ್ದುಗಳಾದ ಡೋಪಮಿನ್, ಡೊಬುಟಮಿನ್ ಆಂಪೂಲ್‌ಗಳು ಒಂದೇ ಟ್ರೇಯಲ್ಲಿ ಬೆರೆತು ಬಿದ್ದಿದ್ದರೂ ಅಷ್ಟೇ. ಟ್ರೇ ಬೇರೆ ಮಾಡಿ, ದೊಡ್ಡ ಅಕ್ಷರದ ಲೇಬಲ್ ಅಂಟಿಸಿ.

ಉಳಿದದ್ದರಲ್ಲಿ ಮೂರು ತಿಂಗಳಿಗೆ ಎರಡೇ ವಿಷಯ ಆರಿಸಿ. ಯಾವುದು ತಪ್ಪಿದರೆ ರೋಗಿಗೆ ಜಾಸ್ತಿ ಹಾನಿಯೋ ಅದು ಮೊದಲು. ನನ್ನನ್ನು ಕೇಳಿದರೆ ನಮ್ಮ ಕಡೆಯ ಯಾವುದೇ ಮೆಡಿಕಲ್ ವಾರ್ಡ್‌ನಲ್ಲಿ ಇನ್ಸುಲಿನ್‌ನಿಂದ ಶುರು ಮಾಡಬಹುದು. ನಮ್ಮಲ್ಲಿ ಒಂದು ಎಂಎಲ್‌ಗೆ 40 ಯೂನಿಟ್‌ನ ವಯಲ್ ಇದೆ, 100 ಯೂನಿಟ್‌ನದೂ ಇದೆ. ಸಿರಿಂಜ್‌ಗಳೂ ಬೇರೆ ಬೇರೆ. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. 100ರ ವಯಲ್‌ನಿಂದ 40ರ ಸಿರಿಂಜ್‌ನಲ್ಲಿ 20ರ ಗೆರೆ ತನಕ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಉಲ್ಟಾ ಆದರೆ 8 ಯೂನಿಟ್ ಮಾತ್ರ. ಒಂದರಲ್ಲಿ ಶುಗರ್ ನೆಲ ಕಚ್ಚುತ್ತದೆ, ಇನ್ನೊಂದರಲ್ಲಿ ಇಳಿಯುವುದೇ ಇಲ್ಲ. ಈ ಲೆಕ್ಕವನ್ನು ವಯಲ್, ಸಿರಿಂಜ್ ಎರಡನ್ನೂ ಕೈಯಲ್ಲಿ ಹಿಡಿದೇ ಮಾಡಿಸಬೇಕು. ಎರಡನೆಯದಾಗಿ ಪೊಟ್ಯಾಸಿಯಂ ಕ್ಲೋರೈಡ್ ತೆಗೆದುಕೊಳ್ಳಿ. ಅದನ್ನು ಹಾಗೇ ನೇರವಾಗಿ ಐವಿ ಕೊಟ್ಟರೆ ಹೃದಯ ನಿಲ್ಲಬಹುದು. ಬೆರೆಸಿ, ನಿಧಾನಕ್ಕೆ, ಇಬ್ಬರು ನೋಡಿಯೇ ಕೊಡಬೇಕು.

ಹಂತ 4: ಡ್ಯೂಟಿ ರೋಸ್ಟರ್

ಈ ಹಂತಕ್ಕೆ ಜಾಸ್ತಿ ಹೊತ್ತು ಕೊಡಿ. ಉಳಿದದ್ದೆಲ್ಲ ಸರಿಯಿದ್ದು ರೋಸ್ಟರ್ ಹಳೆಯ ಹಾಗೇ ಇದ್ದರೆ ಏನೂ ಬದಲಾಗದು.

ಸಾಮಾನ್ಯವಾಗಿ ಏನಾಗುತ್ತದೆ? ಬೆಳಿಗ್ಗೆ ದೊಡ್ಡ ಡಾಕ್ಟರ್ ರೌಂಡ್ಸ್ ಇರುತ್ತದೆ ಎಂದು ಕೈ ಪಳಗಿದವರನ್ನೆಲ್ಲ ಬೆಳಗಿನ ಡ್ಯೂಟಿಗೆ ಹಾಕುತ್ತೇವೆ. ಮನೆ, ಮಕ್ಕಳು ಎಂದು ಸೀನಿಯರ್‌ಗಳು ನೈಟ್ ಬೇಡ ಅನ್ನುತ್ತಾರೆ. ಹಾಗಾಗಿ ನೈಟ್‌ನಲ್ಲಿ ಕೆಲಸಕ್ಕೆ ಸೇರಿ ಕೆಲವೇ ತಿಂಗಳಾದ ಇಬ್ಬರು ಉಳಿಯುತ್ತಾರೆ. ಡಾಕ್ಟರ್ ಕಡಿಮೆ ಇರುವ, ಲ್ಯಾಬ್ ನಿಧಾನವಾಗುವ ಹೊತ್ತಿನಲ್ಲಿ ವಾರ್ಡ್ ಅವರ ಕೈಯಲ್ಲಿ. ಕಲಿಸಲು ಪಕ್ಕದಲ್ಲಿ ಯಾರೂ ಇಲ್ಲ. ಅವರು ಕಲಿಯುವುದು ಒಂದೇ: ಬೆಳಗಾಗುವ ತನಕ ಹೇಗಾದರೂ ತಳ್ಳುವುದು.

ರೋಸ್ಟರ್ ಬರೆಯುವಾಗ ಕೌಶಲದ ಪಟ್ಟಿ ಪಕ್ಕದಲ್ಲಿರಲಿ. ಪ್ರತಿ ಶಿಫ್ಟ್‌ನಲ್ಲಿ, ನೈಟ್ ಸೇರಿಸಿ, ಸಿಪಿಆರ್‌ನಲ್ಲಿ ಮತ್ತು ಆ ತಿಂಗಳ ವಿಷಯದಲ್ಲಿ 3 ಇರುವವರು ಒಬ್ಬರಾದರೂ ಇರಲೇಬೇಕು. ಅಷ್ಟು ಜನ ಇಲ್ಲದಿದ್ದರೆ ಮೊದಲು ಅವರನ್ನು ತಯಾರು ಮಾಡುವುದೇ ನಿಮ್ಮ ಗುರಿ. ಸೀನಿಯರ್‌ಗಳಿಗೆ ತಿಂಗಳಿಗೆ ಸ್ವಲ್ಪವಾದರೂ ನೈಟ್ ಬರುವಂತೆ ನೋಡಿ. ಗೊಣಗುತ್ತಾರೆ. ಯಾರಿಗೆ ಎಷ್ಟು ನೈಟ್ ಬಂದಿದೆ ಎಂಬ ಲೆಕ್ಕ ಎಲ್ಲರಿಗೂ ಕಾಣುವ ಹಾಗೆ ಇಟ್ಟರೆ ಗೊಣಗಾಟ ತಾನಾಗಿ ಇಳಿಯುತ್ತದೆ.

ಹೊಸಬರನ್ನು ಒಬ್ಬರ ಜೊತೆ ಜೋಡಿ ಮಾಡಿ. ನಾಲ್ಕರಿಂದ ಆರು ವಾರ ಅದೇ ಜೋಡಿ ಇರಲಿ. ಅಕ್ಕನಿಗೆ ನೈಟ್ ಬಂದರೆ ತಂಗಿಗೂ ನೈಟ್. ದಿನಕ್ಕೊಬ್ಬರ ಜೊತೆ ಹಾಕಿದರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಳಿಸುತ್ತಾರೆ. ಕಲಿಸುವವರಿಗೆ ಎರಡು ಬೆಡ್ ಕಡಿಮೆ ಕೊಡಿ. ಅದೇ ಕೆಲಸದ ಮೇಲೆ ಕಲಿಸುವ ಹೊರೆಯನ್ನೂ ಹೊರಿಸಿದರೆ ಒಳ್ಳೆಯ ಕೆಲಸಗಾರರಿಗೆ ಅದು ಶಿಕ್ಷೆ ಆಗುತ್ತದೆ, ಅಲ್ವಾ? ವರ್ಷದ ಕೊನೆಯ ಮೌಲ್ಯಮಾಪನದಲ್ಲಿ "ಇಷ್ಟು ಜನರನ್ನು ತಯಾರು ಮಾಡಿದರು" ಎಂದು ಬರೆಯಿರಿ.

ಇನ್ನೊಂದು ಹಳೆಯ ಅಭ್ಯಾಸವನ್ನು ಮುಲಾಜಿಲ್ಲದೆ ಬದಲಿಸಿ. ಒಬ್ಬರು ಇಡೀ ವಾರ್ಡ್‌ಗೆ ಇಂಜೆಕ್ಷನ್, ಒಬ್ಬರು ಇಡೀ ವಾರ್ಡ್‌ಗೆ ಬಿಪಿ, ಒಬ್ಬರು ಬರೀ ಕೇಸ್ ಶೀಟ್. ಕೆಲಸ ಬೇಗ ಮುಗಿಯುತ್ತದೆ ನಿಜ. ಆದರೆ ಆರು ತಿಂಗಳು ಬಿಪಿ ನೋಡಿದವರು ಬಿಪಿ ಅಷ್ಟೇ ಕಲಿತಿರುತ್ತಾರೆ. ಬಿಪಿ ಇಳಿದದ್ದು ಬರೆದವರಿಗೆ ಆ ರೋಗಿಗೆ ಬೆಳಿಗ್ಗೆ ಯಾವ ಮಾತ್ರೆ ಕೊಟ್ಟರು ಎಂದೇ ಗೊತ್ತಿರುವುದಿಲ್ಲ. 1ರಿಂದ 8ನೇ ಬೆಡ್ ತನಕ ಎಲ್ಲವೂ ನಿಮ್ಮದು ಎಂದು ರೋಗಿಗಳನ್ನೇ ಹಂಚಿ. ಒಮ್ಮೆಗೇ ಎಲ್ಲ ಶಿಫ್ಟ್ ಬದಲಿಸಲು ಹೋಗಬೇಡಿ. ಸಂಜೆ ಡ್ಯೂಟಿಯಿಂದ ಶುರು ಮಾಡಿ, ಎರಡು ವಾರ ಗಲಾಟೆ ಸಹಿಸಿಕೊಳ್ಳಿ.

ಜನ ಕಡಿಮೆ ಇದ್ದರೆ ಏನು ಮಾಡುವುದು? ಇದು ಎಲ್ಲ ಕಡೆಯ ಗೋಳು. ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಯಾವ ಶಿಫ್ಟ್‌ನಲ್ಲಿ ಎಷ್ಟು ರೋಗಿ, ಎಷ್ಟು ಸಿಬ್ಬಂದಿ, ಅದರಲ್ಲಿ ಎಷ್ಟು ಹೊಸಬರು ಎಂದು ತಿಂಗಳಿನ ಲೆಕ್ಕವನ್ನು ಕಾಗದದಲ್ಲಿ ಕೊಡಿ. ತರಬೇತಿ ಪಡೆದವರನ್ನು ಮರುವಾರವೇ ಬೇರೆ ವಿಭಾಗಕ್ಕೆ ಹಾಕಬಾರದು ಎಂದೂ ಅದೇ ಕಾಗದದಲ್ಲಿ ಕೇಳಿ. ವೆಂಟಿಲೇಟರ್ ಕಲಿತವರನ್ನು ಒಪಿಡಿಗೆ ಕಳಿಸಿದರೆ ಆ ಕಲಿಕೆ ಕೆಲವೇ ತಿಂಗಳಲ್ಲಿ ತುಕ್ಕು ಹಿಡಿಯುತ್ತದೆ.

ಹಂತ 5: ಹತ್ತು ನಿಮಿಷದ ಪಾಠ

ಸಂಜೆ ಡ್ಯೂಟಿಯಲ್ಲಿ ಹ್ಯಾಂಡೋವರ್ (ಹಿಂದಿನ ಶಿಫ್ಟ್‌ನವರು ರೋಗಿಗಳ ವಿವರ ಒಪ್ಪಿಸುವುದು) ಆದ ಮೇಲೆ, ನೋಡಲು ಬರುವವರ ಗದ್ದಲ ಶುರುವಾಗುವ ಮುಂಚೆ ಸ್ವಲ್ಪ ಬಿಡುವು ಸಿಗುತ್ತದೆ. ಹತ್ತು ನಿಮಿಷ, ಒಂದು ವಿಷಯ, ಮೂರು ನಾಲ್ಕು ಜನ. ಅದೇ ಪಾಠ ಬೇರೆ ಬೇರೆ ಶಿಫ್ಟ್‌ನಲ್ಲಿ ಮತ್ತೆ ನಡೆದರೆ ವಾರದಲ್ಲಿ ಎಲ್ಲರಿಗೂ ತಲುಪುತ್ತದೆ.

ಕೈಕೆಲಸ ಕಲಿಸಲು ಪೇಟನ್ ಎಂಬ ಸರ್ಜನ್ ಹೇಳಿದ ನಾಲ್ಕು ಹೆಜ್ಜೆ ಚೆನ್ನಾಗಿದೆ. ಮೊದಲು ನೀವು ಮಾತಾಡದೆ, ಮಾಮೂಲಿ ವೇಗದಲ್ಲಿ ಮಾಡಿ ತೋರಿಸಿ. ಎರಡನೇ ಸಲ ನಿಧಾನವಾಗಿ, ಪ್ರತಿ ಹೆಜ್ಜೆಗೂ ಕಾರಣ ಹೇಳುತ್ತಾ ಮಾಡಿ. ಮೂರನೇ ಸಲ ಕಲಿಯುವವರು ಬಾಯಲ್ಲಿ ಹೇಳಬೇಕು, ನೀವು ಅವರು ಹೇಳಿದಂತೆ ಮಾಡಬೇಕು. ನಾಲ್ಕನೇ ಸಲ ಅವರೇ ಹೇಳುತ್ತಾ ಮಾಡಬೇಕು. ನಾವೆಲ್ಲ ಬಿಟ್ಟುಬಿಡುವುದು ಮೂರನೆಯದನ್ನು. ಅವರ ತಲೆಯಲ್ಲಿ ಯಾವ ಹೆಜ್ಜೆ ತಪ್ಪಿದೆ ಎಂದು ರೋಗಿಯ ಕೈಗೆ ಸೂಜಿ ತಾಗುವ ಮುಂಚೆಯೇ ಗೊತ್ತಾಗುವುದು ಅಲ್ಲೇ. ರೊಟ್ಟಿ ತಟ್ಟುವುದನ್ನು ವರ್ಷಗಟ್ಟಲೆ ನೋಡಿದವರಿಗೂ ಮೊದಲ ರೊಟ್ಟಿ ಹರಿಯುತ್ತದೆ. ನೋಡಿದ್ದು ಬಂದಂತಲ್ಲ.

ಮೊದಲ ಮೂರು ಸಲಕ್ಕೆ ಡಮ್ಮಿ ತೋಳೇ ಸರಿ. ಅದು ಇಲ್ಲದಿದ್ದರೆ ಐವಿ ಸೆಟ್‌ನ ಟ್ಯೂಬ್ ಮೇಲೆ ಸ್ಪಂಜ್ ಸುತ್ತಿ ಅಭ್ಯಾಸ ಮಾಡಿಸಬಹುದು. ರೋಗಿಯ ಮೇಲೆ ಮಾಡಿಸುವಾಗ ಅವರನ್ನು ಕೇಳಿಯೇ ಮಾಡಿಸಿ. ತಪ್ಪಿದರೆ ಅಲ್ಲೇ ಬೈಯಬೇಡಿ. "ಸ್ವಲ್ಪ ಇರಿ, ನಾನು ನೋಡ್ತೀನಿ" ಎಂದು ಕೈಗೆ ತೆಗೆದುಕೊಂಡು, ಮಾತನ್ನು ಟ್ರೀಟ್‌ಮೆಂಟ್ ರೂಮ್‌ನಲ್ಲಿ ಆಡಿ. ಎರಡು ಸಲ ವೇನ್ (ರಕ್ತನಾಳ) ಸಿಗದಿದ್ದರೆ ಮೂರನೆಯದನ್ನು ಬೇರೆಯವರು ಮಾಡಬೇಕು ಎಂಬ ನಿಯಮ ಇಟ್ಟುಕೊಳ್ಳಿ. ಸೀನಿಯರ್‌ಗೂ ಅದು ಲಾಗು.

ಹಂತ 6: ಹೇಳದೆ ಕೇಳದೆ ಡ್ರಿಲ್

ತಿಂಗಳಿಗೊಮ್ಮೆ ಖಾಲಿ ಬೆಡ್ ಮೇಲೆ ಡಮ್ಮಿ ಮಲಗಿಸಿ "ರೋಗಿ ಉಸಿರಾಡ್ತಿಲ್ಲ" ಎಂದು ಕೂಗಿ. ಸ್ಟಾಪ್‌ವಾಚ್ ಹಿಡಿಯಿರಿ. ಎದೆ ಒತ್ತುವುದು ಶುರುವಾಗಲು ಎಷ್ಟು ಹೊತ್ತಾಯಿತು? ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ, 30 ಒತ್ತಿಗೆ 2 ಉಸಿರು, 2 ನಿಮಿಷಕ್ಕೆ ಒತ್ತುವವರು ಬದಲು. ಇದೆಲ್ಲ ಕೇಳಿದರೆ ಸರಿಯಾಗಿ ಹೇಳುತ್ತಾರೆ. ಆದರೆ ಡ್ರಿಲ್‌ನಲ್ಲಿ ಕೈಕೊಡುವುದು ಬೇರೆಯೇ. ಕ್ರ್ಯಾಶ್ ಕಾರ್ಟ್ (ತುರ್ತಿಗೆ ಬೇಕಾದ ಮದ್ದು, ಸಾಮಾನು ಇಡುವ ಗಾಡಿ) ಬೀಗದ ಕೀ ಯಾರ ಜೇಬಿನಲ್ಲಿದೆ? ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪ್ ಲೈಟ್ ಹತ್ತುತ್ತದೆಯಾ? ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್‌ಗೆ ಸರಿಯಾದ ಮಾಸ್ಕ್ ಇದೆಯಾ? ಮೊದಲ ಡ್ರಿಲ್‌ನಲ್ಲಿ ಸಿಬ್ಬಂದಿಗಿಂತ ಕಾರ್ಟ್‌ನ ಬಂಡವಾಳವೇ ಜಾಸ್ತಿ ಬಯಲಾಗುತ್ತದೆ.

ನೈಟ್ ಡ್ಯೂಟಿಯಲ್ಲೂ ಒಮ್ಮೆ ಮಾಡಿ. ಲೇಬರ್ ರೂಮ್ ಆದರೆ ಹೆರಿಗೆ ನಂತರದ ರಕ್ತಸ್ರಾವ, ಮತ್ತು ಹುಟ್ಟಿದ ಮಗು ಅಳದಿದ್ದರೆ ಮೊದಲ ಒಂದು ನಿಮಿಷದೊಳಗೆ ಬ್ಯಾಗ್-ಮಾಸ್ಕ್‌ನಿಂದ ಉಸಿರು ಕೊಡುವುದು, ಈ ಎರಡು ಡ್ರಿಲ್ ಬಿಡಲೇಬಾರದು. ಮುಗಿದ ಮೇಲೆ ಐದು ನಿಮಿಷ ನಿಂತಲ್ಲೇ ಮಾತಾಡಿ. ಮೊದಲು ಕಿರಿಯರು ಮಾತಾಡಲಿ, ನೀವು ಕೊನೆಗೆ.

ಹಂತ 7: ಹ್ಯಾಂಡೋವರ್ ಮತ್ತು ಫೋನ್

"ಸರ್, 7ನೇ ಬೆಡ್ ಪೇಷೆಂಟ್ ಯಾಕೋ ಸರಿ ಇಲ್ಲ, ಬನ್ನಿ." ರಾತ್ರಿ ಎರಡು ಗಂಟೆಗೆ ಹೀಗೆ ಫೋನ್ ಬಂದರೆ ಡಾಕ್ಟರ್ "ಅಬ್ಸರ್ವ್ ಮಾಡಿ" ಎಂದು ಇಟ್ಟುಬಿಡುತ್ತಾರೆ. ಅದೇ ಮಾತನ್ನು ಎಸ್‌ಬಿಎಆರ್ ಕ್ರಮದಲ್ಲಿ ಹೇಳಿಸಿ ನೋಡಿ: "ಸರ್, ಮಹಿಳಾ ಸರ್ಜಿಕಲ್ ವಾರ್ಡ್‌ನಿಂದ ಮಾತಾಡ್ತಿದ್ದೀನಿ. 7ನೇ ಬೆಡ್‌ಗೆ ಬಿಪಿ 84/50, ಪಲ್ಸ್ 124. ನಿನ್ನೆ ಬೆಳಿಗ್ಗೆ ಗಾಲ್ ಬ್ಲಾಡರ್ ಆಪರೇಷನ್ ಆಗಿದೆ, 4 ಗಂಟೆಯಲ್ಲಿ ಯೂರಿನ್ 40 ಎಂಎಲ್ ಅಷ್ಟೇ. ಒಳಗೆ ಬ್ಲೀಡ್ ಆಗ್ತಿರಬಹುದು ಅನ್ನಿಸುತ್ತೆ. ನೀವು ಈಗಲೇ ಬಂದು ನೋಡಬೇಕು, ಬರೋ ತನಕ ಏನು ಶುರು ಮಾಡಲಿ?" ಎಸ್‌ಬಿಎಆರ್‌ನ ನಾಲ್ಕು ಅಕ್ಷರ ಅಂದರೆ ಈಗಿನ ಸ್ಥಿತಿ, ಹಿನ್ನೆಲೆ, ನಮ್ಮ ಅಂದಾಜು, ನಮಗೇನು ಬೇಕು. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಹುಟ್ಟಿದ ಈ ಕ್ರಮ ಆಸ್ಪತ್ರೆಗೆ ಆಮೇಲೆ ಬಂತು.

ಇದನ್ನು ಕಲಿಸಲು ಬೇರೆ ಹೊತ್ತು ಬೇಡ. ಪ್ರತಿ ಹ್ಯಾಂಡೋವರ್ ಹಾಸಿಗೆ ಪಕ್ಕದಲ್ಲೇ ಇದೇ ಕ್ರಮದಲ್ಲಿ ಆಗಲಿ. ಹೊಸಬರಿಗೆ ದಿನಕ್ಕೆ ಒಂದು ರೋಗಿ ಕೊಟ್ಟು ಹೇಳಿಸಿ. ಮೂರನೇ ಭಾಗದಲ್ಲಿ, ಅಂದರೆ "ನನಗೆ ಹೀಗೆ ಅನ್ನಿಸುತ್ತೆ" ಎನ್ನುವಲ್ಲಿ ಎಲ್ಲರೂ ತಡವರಿಸುತ್ತಾರೆ. ಡಾಕ್ಟರ್ ಎದುರು ನಾವು ಅಂದಾಜು ಹೇಳಬಹುದಾ ಎಂಬ ಅಂಜಿಕೆ. ರೌಂಡ್ಸ್‌ನಲ್ಲಿ ನೀವೇ "ಈ ರೋಗಿಯನ್ನು ನೋಡಿದವರು ಇವರು, ಇವರೇ ಹೇಳುತ್ತಾರೆ ಸರ್" ಎಂದು ಒಂದು ಹೆಜ್ಜೆ ಹಿಂದೆ ನಿಲ್ಲಿ.

ಹಂತ 8: ಆಯಾ, ವಾರ್ಡ್ ಬಾಯ್, ಹೊರ ರಾಜ್ಯದವರು

ಕೌಶಲ ಅಂದರೆ ನರ್ಸ್‌ಗಳದ್ದು ಮಾತ್ರ ಎಂದು ತಿಳಿಯಬೇಡಿ. ರೋಗಿಯನ್ನು ಟ್ರಾಲಿಗೆ ಎತ್ತುವವರು, ಕಸ ಒಯ್ಯುವವರು ನಿಮ್ಮ ವಾರ್ಡ್‌ನವರೇ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಅವರಿಗೂ ಸೇರಿದಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ತರಬೇತಿ ಕೊಡಲೇಬೇಕು. ರಕ್ತ ಮೆತ್ತಿದ ಡ್ರೆಸ್ಸಿಂಗ್ ಹಳದಿಗೆ, ಐವಿ ಸೆಟ್ ಮತ್ತು ಗ್ಲೌಸ್ ಕೆಂಪಿಗೆ, ಗಾಜಿನ ವಯಲ್ ನೀಲಿಗೆ, ಸೂಜಿ ಬಿಳಿ ಡಬ್ಬಕ್ಕೆ. ಇದನ್ನು ಹಾಳೆಯಲ್ಲಿ ಓದಿಸುವುದಕ್ಕಿಂತ ಸೂಜಿ ಇಲ್ಲದ ಖಾಲಿ ಸಾಮಾನು ಕೈಗೆ ಕೊಟ್ಟು ಬಕೆಟ್‌ಗೆ ಹಾಕಿಸಿ. ಸೂಜಿ ಚುಚ್ಚಿದರೆ ಮುಚ್ಚಿಡದೆ ತಕ್ಷಣ ಹೇಳಬೇಕು ಎಂದು ಒತ್ತಿ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ 2 ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು. ಗುತ್ತಿಗೆಯ ಸಿಬ್ಬಂದಿ ಕೆಲಸ ಹೋಗುತ್ತದೆ ಎಂದು ಹೆದರಿ ಸುಮ್ಮನಿರುವುದುಂಟು. ಆ ಹೆದರಿಕೆ ತೆಗೆಯುವುದು ನಿಮ್ಮ ಕೆಲಸ.

ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ಕೇರಳ, ಈಶಾನ್ಯ ರಾಜ್ಯಗಳ ನರ್ಸ್‌ಗಳು ತುಂಬಾ ಜನ. ಅವರಿಗೆ ಮೊದಲ ತಿಂಗಳಲ್ಲೇ ವಾರ್ಡ್‌ಗೆ ಬೇಕಾದಷ್ಟು ಕನ್ನಡ ಕಲಿಸಿ. "ಎದೆ ಹಿಂಡ್ತಿದೆ", "ಉಸಿರು ಕಟ್ತಿದೆ", "ಹೊಟ್ಟೆ ತೊಳಸ್ತಿದೆ", "ಕಣ್ಣು ಕತ್ತಲೆ ಬರ್ತಿದೆ" ಇಂಥ ಇಪ್ಪತ್ತು ಮೂವತ್ತು ಮಾತುಗಳನ್ನು ಅವರದೇ ಲಿಪಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಲಿ. ಹಳ್ಳಿಯಿಂದ ಬಂದ ಅಜ್ಜಿ ರಾತ್ರಿ ಹೇಳುವುದು ಈ ಮಾತುಗಳನ್ನೇ.

ಹಂತ 9: ತಪ್ಪಾದಾಗ

ತಪ್ಪು ನಡೆದಾಗ ನಿಮ್ಮ ಬಾಯಿಂದ ಬರುವ ಮೊದಲ ಪ್ರಶ್ನೆ "ಯಾರು ಮಾಡಿದ್ದು?" ಆಗಿದ್ದರೆ, ಮುಂದಿನ ತಪ್ಪು ನಿಮಗೆ ಗೊತ್ತೇ ಆಗುವುದಿಲ್ಲ. ಮೊದಲು ರೋಗಿಯನ್ನು ನೋಡಿ, ಡಾಕ್ಟರ್‌ಗೆ ತಿಳಿಸಿ. ಆಮೇಲೆ "ಏನಾಯ್ತು, ಯಾವ ಹೊತ್ತು, ಆಗ ಎಷ್ಟು ರೋಗಿ ಇದ್ದರು" ಎಂದು ಕೇಳಿ. ಕೊಡುವ ಮುನ್ನವೇ ಸಿಕ್ಕ ತಪ್ಪುಗಳನ್ನೂ ಬರೆಸಿ, ಹೆಸರು ಬೇಡ. ಬೇಕೆಂದೇ ಮಾಡಿದ್ದು, ಮಾಡದ್ದನ್ನು ಮಾಡಿದ್ದೇನೆ ಎಂದು ಬರೆದದ್ದು ಬೇರೆ ಲೆಕ್ಕ. ಅದಕ್ಕೆ ಶಿಸ್ತಿನ ಕ್ರಮ ಇರಲೇಬೇಕು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಹಂತ 10: ಬಂದಿದೆಯಾ ಎಂದು ಪರೀಕ್ಷಿಸಿ, ಬರೆದಿಡಿ

ಪ್ರಶ್ನೆಪತ್ರಿಕೆ ಕೊಟ್ಟರೆ ಗೊತ್ತಿರುವುದು ತಿಳಿಯುತ್ತದೆ, ಮಾಡುತ್ತಾರಾ ಎಂದು ತಿಳಿಯುವುದಿಲ್ಲ. ಮೂರು ತಿಂಗಳ ನಂತರ ಮತ್ತೆ ಅದೇ ಟಿಪಿಆರ್ ಚಾರ್ಟ್ ತೆಗೆಯಿರಿ. ಉಸಿರಾಟದ ಕಾಲಮ್‌ನಲ್ಲಿ 16, 22, 28 ಎಂದು ಬೇರೆ ಬೇರೆ ಸಂಖ್ಯೆ ಬರುತ್ತಿದೆಯಾ? ಒಂದೆರಡು ರೋಗಿಗಳನ್ನು ನೀವೇ ಎಣಿಸಿ ತಾಳೆ ನೋಡಿ.

ದಾಖಲೆ ಬೇಸರದ ಕೆಲಸ, ಆದರೆ ಬಿಡಬೇಡಿ. ಆಸ್ಪತ್ರೆಯ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಎನ್‌ಎಬಿಎಚ್‌ನವರು ಬಂದಾಗ ತರಬೇತಿ ದಾಖಲೆ ಕೇಳುತ್ತಾರೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರಕಾರ ನೋಂದಣಿ ನವೀಕರಣಕ್ಕೆ 5 ವರ್ಷದಲ್ಲಿ 150 ಗಂಟೆಯ ಮುಂದುವರಿಕೆ ಶಿಕ್ಷಣ ಬೇಕು. ಮಾನ್ಯತೆ ಇರುವ ಕಾರ್ಯಕ್ರಮಗಳಿಗೆ ಸರದಿಯಲ್ಲಿ ಎಲ್ಲರನ್ನೂ ಕಳಿಸಿ, ಯಾರಿಗೆ ಎಷ್ಟು ಗಂಟೆ ಆಗಿದೆ ಎಂದು ಒಂದು ಹಾಳೆ ಇಡಿ. ಹೋಗಿ ಬಂದವರು ಬಂದ ವಾರವೇ ವಾರ್ಡ್‌ನಲ್ಲಿ ಹತ್ತು ನಿಮಿಷದ ಪಾಠ ಮಾಡಬೇಕು ಎಂಬ ಷರತ್ತು ಹಾಕಿ.

ಹಂತ 11: ನಿಮ್ಮ ಜಾಗಕ್ಕೆ ಒಬ್ಬರು

ಕಲಿತವರು ಹೋಗಿಬಿಡುತ್ತಾರೆ, ಯಾಕೆ ಕಲಿಸಬೇಕು ಎಂದು ಆಡಳಿತದವರು ಕೇಳುತ್ತಾರೆ. ಹೋಗುತ್ತಾರೆ ನಿಜ. ಗಲ್ಫ್‌ಗೆ, ಬ್ರಿಟನ್ನಿಗೆ, ಸರ್ಕಾರಿ ಕೆಲಸಕ್ಕೆ. ಕಲಿಯದೆ ಉಳಿದವರ ಕೈಯಲ್ಲಿ ವಾರ್ಡ್ ಬಿಡುವುದು ಅದಕ್ಕಿಂತ ದುಬಾರಿ ಎಂದು ಹೇಳಿ. ಹಾಗೆಂದೇ ಒಬ್ಬರನ್ನಲ್ಲ, ಇಬ್ಬರನ್ನು ಇನ್‌ಚಾರ್ಜ್ ಕೆಲಸಕ್ಕೆ ತಯಾರು ಮಾಡಿ. ಮೊದಲ ತಿಂಗಳು ಇಂಡೆಂಟ್ ಮತ್ತು ಸ್ಟಾಕ್ ಅವರು ನೋಡಲಿ. ಎರಡನೇ ತಿಂಗಳು ರೋಸ್ಟರ್‌ನ ಕರಡು ಅವರು ಬರೆಯಲಿ, ನೀವು ತಿದ್ದಿ. ಮೂರನೇ ತಿಂಗಳು ರಜೆ, ಜಗಳ, ರೋಗಿಯ ಕಡೆಯವರ ದೂರು ಎಲ್ಲ ಒಂದು ವಾರ ಅವರ ಪಾಲಿಗೆ. ಆ ವಾರ ನೀವು ನಿಜವಾಗಿಯೂ ರಜೆ ಹಾಕಿ. ತೀರಾ ತುರ್ತಿಗೆ ಫೋನ್ ಎತ್ತಿ, ಆದರೆ ನೀವಾಗಿ "ಎಲ್ಲ ಸರಿ ಇದೆಯಾ?" ಎಂದು ಗಂಟೆಗೊಮ್ಮೆ ಮಾಡಬೇಡಿ. ಬಂದ ದಿನ ಕೌಶಲದ ಪಟ್ಟಿಗೆ "ಇನ್‌ಚಾರ್ಜ್ ಡ್ಯೂಟಿ" ಎಂಬ ಹೊಸ ಕಾಲಮ್ ಸೇರಿಸಿ, ಅವರ ಹೆಸರಿನ ಮುಂದೆ ಅಂಕಿ ಹಾಕಿ.